ಡೆಮಿಡೋವ್ ಮಾಂಟ್ರಿಯಲ್‌ಗೆ ಬಂದಾಯಿತು: ಮೊದಲ ಪೂರ್ಣ ಋತುವಿನಲ್ಲಿ ಅವರಿಂದ ಏನನ್ನು ನಿರೀಕ್ಷಿಸುವುದು ನ್ಯಾಯ?

ಮಾಂಟ್ರಿಯಲ್ ನಿವಾಸಿ (ವಿಷಯ ಆರಂಭ, ಆಗಸ್ಟ್ 2025)

ರಷ್ಯಾದ ಯುವ ಆಟಗಾರ ಇವಾನ್ ಡೆಮಿಡೋವ್ ಅವರ ಮೊದಲ ಪೂರ್ಣ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಐಸ್ ಹಾಕಿ ಲೀಗ್) ಋತು ಅಕ್ಟೋಬರ್ 8ರಂದು ಟೊರಾಂಟೊದಲ್ಲಿ ಆರಂಭವಾಗಲಿದೆ. ಮಾಂಟ್ರಿಯಲ್ ಕೆನೇಡಿಯನ್ಸ್ ಅಭಿಮಾನಿಗಳ ನಡುವೆ ಅವರ ಅಂಕಗಳ ಲೆಕ್ಕಾಚಾರ ಈಗಾಗಲೇ ಶುರುವಾಗಿದೆ. ಕೆಲವರು ಅರವತ್ತು ಎನ್ನುತ್ತಾರೆ, ಕೆಲವರು ಎಂಬತ್ತಕ್ಕೂ ಹಿಂಜರಿಯುವುದಿಲ್ಲ. ವರ್ಷದ ಅತ್ಯುತ್ತಮ ಹೊಸ ಆಟಗಾರನಿಗೆ ಸಲ್ಲುವ ಕಾಲ್ಡರ್ ಪ್ರಶಸ್ತಿಯಂತೂ ಅವರಿಗೇ ಖಚಿತ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. (ಐಸ್ ಹಾಕಿಗೆ ಹೊಸಬರಾದವರಿಗಾಗಿ: ಇಲ್ಲಿ ಗೋಲ್ ಹೊಡೆದವರಿಗೆ ಒಂದು ಅಂಕ, ಅದಕ್ಕೆ ಪಾಸ್ ಒದಗಿಸಿದ ಇಬ್ಬರವರೆಗೆ ತಲಾ ಒಂದು ಅಂಕ.) 19 ವರ್ಷದ ಈ ಹುಡುಗನ ಮೇಲೆ ನನಗೂ ಅಷ್ಟೇ ಭರವಸೆಯಿದೆ. ಆದರೆ ನಾವು ಹಿಡಿದಿರುವ ಅಳತೆಗೋಲು ಸರಿಯಿಲ್ಲ. ಅಂಕ ಎಣಿಸುವ ಮೊದಲು ಅವರಿಗೆ ಪಂದ್ಯಕ್ಕೆ ಎಷ್ಟು ನಿಮಿಷ ಆಟ ಸಿಗುತ್ತದೆ, ಆ ನಿಮಿಷಗಳು ಯಾರ ಜೊತೆ ಸಿಗುತ್ತವೆ ಎಂಬುದನ್ನು ನೋಡಬೇಕು.

ಹಾಗೆ ಹೇಳಲು ಕಾರಣವಿದೆ. 2024ರ ಜೂನ್‌ನಲ್ಲಿ ಲಾಸ್ ವೇಗಸ್‌ನ ಸ್ಫಿಯರ್ ಸಭಾಂಗಣದಲ್ಲಿ ನಡೆದ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಯುವ ಆಟಗಾರರನ್ನು ಆರಿಸಿಕೊಳ್ಳುವ ಸಭೆ) ಮಾಂಟ್ರಿಯಲ್ ಅವರನ್ನು 5ನೆಯ ಸ್ಥಾನದಲ್ಲಿ ಆರಿಸಿತು. ಆ ಹೆಸರನ್ನು ವೇದಿಕೆಯಲ್ಲಿ ಘೋಷಿಸಿದವರು ಗಾಯಕಿ ಸೆಲೀನ್ ಡಿಯೋನ್. ಅದಕ್ಕೆ ಹಿಂದಿನ ಋತುವಿನಲ್ಲಿ ರಷ್ಯಾದ ಕಿರಿಯರ ಲೀಗ್‌ನಲ್ಲಿ ಅವರು 30 ಪಂದ್ಯಗಳಲ್ಲಿ 60 ಅಂಕ ಗಳಿಸಿದ್ದರು. ಮುಂದಿನ ವರ್ಷ ಸೇಂಟ್ ಪೀಟರ್ಸ್‌ಬರ್ಗ್‌ನ ಎಸ್‌ಕೆಎ ತಂಡದ ಪರವಾಗಿ ರಷ್ಯಾದ ಪ್ರಮುಖ ಲೀಗ್ ಆದ ಕೆಎಚ್‌ಎಲ್‌ನಲ್ಲಿ 65 ಪಂದ್ಯಗಳನ್ನಾಡಿ 19 ಗೋಲ್, 30 ಅಸಿಸ್ಟ್ (ಗೋಲ್‌ಗೆ ಒದಗಿಸಿದ ಪಾಸ್), ಒಟ್ಟು 49 ಅಂಕ ಪಡೆದರು. ಆದರೆ ಆ ವರ್ಷವನ್ನು ಹತ್ತಿರದಿಂದ ನೋಡಿದವರಿಗೆ ನೆನಪಿರುವುದು ಅಂಕಕ್ಕಿಂತ ಹೆಚ್ಚಾಗಿ ಅವರು ಬೆಂಚಿನ ಮೇಲೆ ಕುಳಿತ ಸಮಯ. ಕೋಚ್ ರೋಮನ್ ರೋಟೆನ್‌ಬರ್ಗ್ ಅವರನ್ನು ಎಷ್ಟೋ ಸಲ ನಾಲ್ಕನೆಯ ಲೈನ್‌ಗೆ ಹಾಕಿದರು (ಲೈನ್ ಎಂದರೆ ಸರದಿಯಂತೆ ಅಂಗಳಕ್ಕಿಳಿಯುವ ಮೂವರು ಮುಂಚೂಣಿ ಆಟಗಾರರ ಗುಂಪು; ನಾಲ್ಕನೆಯದಕ್ಕೆ ಆಟ ಸಿಗುವುದು ಅತಿ ಕಡಿಮೆ). ಕೆಲವು ಪಂದ್ಯಗಳಲ್ಲಿ ಬೆರಳೆಣಿಕೆಯ ನಿಮಿಷಗಳಿಗಿಂತ ಹೆಚ್ಚು ಆಡಿಸಲಿಲ್ಲ. ಋತುವಿನ ಕೊನೆಯಲ್ಲಿ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಎಸ್‌ಕೆಎ ಡೈನಮೊ ಮಾಸ್ಕೋಗೆ ಸೋತಿತು, ಕ್ಲಬ್ ಒಪ್ಪಂದವನ್ನು ಮುಗಿಸಿಕೊಟ್ಟಿತು, ಹುಡುಗ ಏಪ್ರಿಲ್‌ನಲ್ಲೇ ವಿಮಾನ ಹತ್ತಿದ. ಟೊರಾಂಟೊ ವಿಮಾನ ನಿಲ್ದಾಣದಲ್ಲಿ ಅವರನ್ನು ಅಭಿಮಾನಿಗಳು ಮುತ್ತಿಕೊಂಡ ರೀತಿ ಕಂಡಾಗಲೇ ಮುಂದೆ ಮಾಂಟ್ರಿಯಲ್‌ನಲ್ಲಿ ಏನಾಗಲಿದೆಯೆಂದು ಗೊತ್ತಾಗಿತ್ತು.

ಏಪ್ರಿಲ್ 14ರಂದು ಬೆಲ್ ಸೆಂಟರ್‌ನಲ್ಲಿ ಚಿಕಾಗೊ ವಿರುದ್ಧ ಅವರ ಮೊದಲ ಪಂದ್ಯ. ಚಿಕಾಗೊ ಡ್ರಾಫ್ಟ್‌ನಲ್ಲಿ 2ನೆಯ ಸ್ಥಾನದಲ್ಲಿದ್ದೂ ಇವರನ್ನು ಬಿಟ್ಟು ಬೆಲಾರೂಸ್‌ನ ರಕ್ಷಣಾ ಆಟಗಾರ ಆರ್ತ್ಯೋಮ್ ಲೆವ್ಶುನೋವ್ ಅವರನ್ನು ಆರಿಸಿಕೊಂಡಿತ್ತು. ಪಂದ್ಯದ ಆರಂಭದಲ್ಲೇ ಅಲೆಕ್ಸ್ ನ್ಯೂಹುಕ್‌ಗೆ ಪಾಸ್ ಕೊಟ್ಟು ಗೋಲ್ ಹೊಡೆಸಿದ ಡೆಮಿಡೋವ್, ಅದೇ ಮೊದಲ ಅವಧಿಯಲ್ಲಿ ಗೋಲಿ ಸ್ಪೆನ್ಸರ್ ನೈಟ್ ಅವರನ್ನು ಏಮಾರಿಸಿ ತಾವೇ ಒಂದು ಗೋಲ್ ಹೊಡೆದರು. ಗೋಲ್ ಬಾಯಿಗೆ ಬಂದ ಹುಡುಗ ಹೊಡೆಯುವ ಆತುರ ತೋರದೆ, ಗೋಲಿ ಮೊದಲು ಕದಲುವವರೆಗೂ ಪಕ್ (ಆಟದ ರಬ್ಬರ್ ಬಿಲ್ಲೆ) ಅನ್ನು ಕೋಲಿನಲ್ಲೇ ಹಿಡಿದಿಟ್ಟುಕೊಂಡದ್ದನ್ನು ಗಮನಿಸಿ. ಹತ್ತೊಂಬತ್ತರ ವಯಸ್ಸಿನಲ್ಲಿ, ಇಪ್ಪತ್ತೊಂದು ಸಾವಿರ ಜನ ಎದ್ದು ನಿಂತಿರುವಾಗ ಅಂತಹ ತಾಳ್ಮೆ ಎಲ್ಲರಿಗೂ ಬರುವುದಿಲ್ಲ. ನಾವು ಆ ಪಂದ್ಯವನ್ನು ಶೂಟೌಟ್‌ನಲ್ಲಿ 4-3ರಿಂದ ಸೋತೆವು ಎಂಬುದು ಈಗ ಯಾರಿಗೂ ನೆನಪಿಲ್ಲ.

ಆ ಒಂದು ರಾತ್ರಿಯೇ ಇಂದಿನ ಎಲ್ಲ ಲೆಕ್ಕಾಚಾರಗಳಿಗೆ ಅಡಿಪಾಯವಾಗಿದೆ. ಆ ನಂತರ ವಾಷಿಂಗ್ಟನ್ ವಿರುದ್ಧದ ಐದು ಪ್ಲೇಆಫ್ ಪಂದ್ಯಗಳಲ್ಲಿ ಅವರಿಗೆ ದಕ್ಕಿದ್ದು ಎರಡು ಅಸಿಸ್ಟ್ ಮಾತ್ರ. ದೊಡ್ಡ ಮೈಕಟ್ಟಿನ ರಕ್ಷಣಾ ಆಟಗಾರರು ಅವರನ್ನು ಅಂಚಿನ ಹಲಗೆಗೆ ಒತ್ತಿ ಹಿಡಿದಾಗ ಪಕ್ ಕೈತಪ್ಪುತ್ತಿತ್ತು. ಇವೆರಡೂ ಒಬ್ಬನೇ ಆಟಗಾರನ ಚಿತ್ರಗಳು; ಅಕ್ಟೋಬರ್‌ನಲ್ಲಿ ನಾವು ಎರಡನ್ನೂ ಕಾಣಲಿದ್ದೇವೆ. ಬಲ್ಲವರು ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ಕೋರುತ್ತೇನೆ.

ಅಂಕಿಸಂಖ್ಯೆ ಆಸಕ್ತ

ನಿಮ್ಮ ಎಚ್ಚರಿಕೆಯನ್ನು ಗೌರವಿಸುತ್ತೇನೆ ಸರ್, ಆದರೆ ಅಂಕಗಳನ್ನು ಅಷ್ಟು ಸುಲಭವಾಗಿ ಬದಿಗಿಡಲು ಒಪ್ಪಲಾರೆ. ಕೆಎಚ್‌ಎಲ್ ಇತಿಹಾಸದಲ್ಲಿ ಇಪ್ಪತ್ತು ತುಂಬದ ಆಟಗಾರನೊಬ್ಬ ಒಂದೇ ಋತುವಿನಲ್ಲಿ 49 ಅಂಕ ಗಳಿಸಿದ್ದು ಇದೇ ಮೊದಲು. ಕಿರಿಲ್ ಕಪ್ರಿಜೋವ್ ಅದೇ ವಯಸ್ಸಿನಲ್ಲಿ, 2016-17ರಲ್ಲಿ, ಗಳಿಸಿದ್ದು 42. ಮತ್ವೇಯ್ ಮಿಚ್ಕೋವ್ 2023-24ರಲ್ಲಿ 41. ಇಬ್ಬರೂ ಎನ್‌ಎಚ್‌ಎಲ್‌ಗೆ ಬಂದ ಮೊದಲ ವರ್ಷವೇ ಏನು ಮಾಡಿದರೆಂಬುದನ್ನು ನೋಡೋಣ. ಕಪ್ರಿಜೋವ್ 2020-21ರ ಮೊಟಕುಗೊಂಡ ಋತುವಿನಲ್ಲಿ 55 ಪಂದ್ಯಗಳಿಂದ 51 ಅಂಕ ಪಡೆದು ಕಾಲ್ಡರ್ ಗೆದ್ದರು. ಮಿಚ್ಕೋವ್ 80 ಪಂದ್ಯಗಳಲ್ಲಿ 63 ಅಂಕ ಪಡೆದರು. ಈ ಸಾಲಿನಲ್ಲಿ ಡೆಮಿಡೋವ್‌ರಿಂದ ಅರವತ್ತು ಅಂಕ ಕೇಳುವುದು ದುರಾಸೆ ಹೇಗಾಗುತ್ತದೆ?

ಇನ್ನೊಂದು ಅಂಶವೂ ಇದೆ. ಅವರು ಕಳೆದ ಋತುವಿನಲ್ಲಿ ಆಡಿದ್ದು ಎರಡೇ ಲೀಗ್ ಪಂದ್ಯಗಳಾದ್ದರಿಂದ ಈ ವರ್ಷವೂ ಅವರನ್ನು ಹೊಸ ಆಟಗಾರನೆಂದೇ ಪರಿಗಣಿಸಲಾಗುತ್ತದೆ. ಆದರೆ ಮೂರು ವರ್ಷಗಳ ಮೊದಲ ಒಪ್ಪಂದದಲ್ಲಿ ಒಂದು ವರ್ಷ ಆ ಎರಡು ಪಂದ್ಯಗಳಿಗೇ ಕಳೆದುಹೋಗಿದೆ. 2027ರ ಬೇಸಿಗೆಗೆ ಅವರು ದೊಡ್ಡ ಮೊತ್ತ ಕೇಳಲಿದ್ದಾರೆ. ಆದ್ದರಿಂದ ಕಲಿಯಲು ಬಿಡುವಾಗಿ ನಾಲ್ಕೈದು ವರ್ಷ ಕೊಡೋಣ ಎನ್ನುವಷ್ಟು ಕಾಲಾವಕಾಶ ಆಡಳಿತ ಮಂಡಳಿಗೂ ಇಲ್ಲ.

ಮಾಂಟ್ರಿಯಲ್ ನಿವಾಸಿ

ನೀವು ಕೊಟ್ಟ ಅಂಕಿಗಳನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯೋಣ. ಕಪ್ರಿಜೋವ್ ಅವರ 42 ಅಂಕಗಳು ಬಂದದ್ದು 49 ಪಂದ್ಯಗಳಲ್ಲಿ. ಮಿಚ್ಕೋವ್ ಅವರ 41 ಬಂದದ್ದು 48ರಲ್ಲಿ. ಅಂದರೆ ಇಬ್ಬರದೂ ಪಂದ್ಯಕ್ಕೆ 0.85ರ ಆಸುಪಾಸು. ಡೆಮಿಡೋವ್ ಅವರದು 0.75. ಒಟ್ಟು ಮೊತ್ತದಲ್ಲಿ ದಾಖಲೆ, ಸರಾಸರಿಯಲ್ಲಿ ಹಿಂದೆ. ಹಾಗಾದರೆ ಇವರು ಅವರಿಬ್ಬರಿಗಿಂತ ಕಡಿಮೆಯವರೇ? ಖಂಡಿತ ಅಲ್ಲ. ಮಿಚ್ಕೋವ್‌ರನ್ನು ಎಸ್‌ಕೆಎ ಎರವಲಾಗಿ ಸೋಚಿಗೆ ಕಳುಹಿಸಿತ್ತು. ಆ ದುರ್ಬಲ ತಂಡಕ್ಕೆ ಮಿಚ್ಕೋವ್ ಅವರೇ ಆಧಾರವಾಗಿದ್ದರಿಂದ ಮೊದಲ ಲೈನ್, ಪವರ್ ಪ್ಲೇ (ದಂಡ ಬಿದ್ದು ಎದುರಾಳಿ ಕಡೆ ಆಟಗಾರ ಕಡಿಮೆಯಿರುವಾಗಿನ ಆಟ) ಎಲ್ಲವೂ ಅವರ ಪಾಲಿಗೆ ಬಂದವು. ಡೆಮಿಡೋವ್ ಆಡಿದ್ದು ತಾರೆಗಳೇ ತುಂಬಿದ್ದ ಎಸ್‌ಕೆಎಯಲ್ಲಿ, ಅದೂ ಆಗಾಗ ಕೊನೆಯ ಲೈನ್‌ನಲ್ಲಿ. ನಿಮಿಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅದೇ ಅಂಕಗಳಿಂದ ಈ ಹುಡುಗ ಮೇಲೆಂದೂ ಸಾಧಿಸಬಹುದು, ಕೆಳಗೆಂದೂ ಸಾಧಿಸಬಹುದು.

ಕಪ್ರಿಜೋವ್ ಬಗ್ಗೆ ಮತ್ತೂ ಒಂದು ವ್ಯತ್ಯಾಸವಿದೆ. ಮಿನಸೋಟ ಅವರನ್ನು 2015ರಲ್ಲಿ 135ನೆಯವರಾಗಿ ಆರಿಸಿದಾಗ ಯಾರೂ ತಿರುಗಿ ನೋಡಿರಲಿಲ್ಲ. ಅವರು ಅಮೆರಿಕಕ್ಕೆ ಬರುವ ಹೊತ್ತಿಗೆ 23 ವರ್ಷ ದಾಟಿ, ಮಾಸ್ಕೋದ ಸಿಎಸ್‌ಕೆಎ ತಂಡದಲ್ಲಿ ಪಳಗಿದ ಆಟಗಾರರಾಗಿದ್ದರು. ಹತ್ತೊಂಬತ್ತರವರನ್ನು ಇಪ್ಪತ್ಮೂರರವರ ಪಕ್ಕದಲ್ಲಿ ನಿಲ್ಲಿಸಿ ಎತ್ತರ ಅಳೆಯಬಾರದು.

ಫಿಲಡೆಲ್ಫಿಯಾದ ಅಭಿಮಾನಿ

ನಮ್ಮ ತಂಡದ ಮಿಚ್ಕೋವ್ ಹೆಸರು ಬಂದುದರಿಂದ, ಕಳೆದ ವರ್ಷವಿಡೀ ಅವರ ಆಟ ನೋಡಿದವಳಾಗಿ ಕೆಲವು ಮಾತು ಸೇರಿಸುತ್ತೇನೆ. ಅವರ 63 ಅಂಕಗಳನ್ನು ಈಗ ಎಲ್ಲರೂ ಸಲೀಸಾಗಿ ಉಲ್ಲೇಖಿಸುತ್ತಾರೆ. ಆ ಅಂಕಗಳು ಬಂದ ದಾರಿ ಅಷ್ಟು ಸಲೀಸಾಗಿರಲಿಲ್ಲ. ಎಸ್‌ಕೆಎ ಜೊತೆಗಿನ ಅವರ ಒಪ್ಪಂದ 2026ರವರೆಗೆ ಇದ್ದುದರಿಂದ ಮೂರು ವರ್ಷ ಕಾಯಬೇಕೆಂದು ನಾವೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆವು. 2024ರ ಬೇಸಿಗೆಯಲ್ಲಿ ಒಪ್ಪಂದ ಇದ್ದಕ್ಕಿದ್ದಂತೆ ರದ್ದಾಗಿ ಅವರು ಎರಡು ವರ್ಷ ಮೊದಲೇ ಬಂದಾಗ ಊರಿಗೆ ಊರೇ ಸಂಭ್ರಮಿಸಿತು. ಅಕ್ಟೋಬರ್‌ನಲ್ಲಿ ಎಡ್ಮಂಟನ್ ವಿರುದ್ಧ ಒಂದೇ ಪಂದ್ಯದಲ್ಲಿ ಎರಡು ಗೋಲ್ ಹೊಡೆದರು. ನವೆಂಬರ್‌ನಲ್ಲಿ ಕೋಚ್ ಜಾನ್ ಟೋರ್ಟೊರೆಲ್ಲಾ ಅವರನ್ನು ಎರಡು ಪಂದ್ಯಗಳಿಗೆ ತಂಡದಿಂದಲೇ ಹೊರಗಿಟ್ಟರು. ಯಾವ ಗಾಯವೂ ಇರಲಿಲ್ಲ. ಪಕ್ ಇಲ್ಲದಾಗ ಆಡುವ ಬಗೆ ಸಾಲದು ಎಂಬುದೇ ಕಾರಣ.

ಆ ವಾರ ಅಭಿಮಾನಿಗಳು ಎರಡು ಬಣಗಳಾಗಿ ಕಾದಾಡಿದರು. ಕೋಚ್ ಹುಡುಗನ ಆತ್ಮವಿಶ್ವಾಸ ಕೊಲ್ಲುತ್ತಿದ್ದಾರೆ ಎಂದು ಕೆಲವರು, ಶಿಸ್ತು ಕಲಿಯದೆ ದೊಡ್ಡ ಆಟಗಾರನಾಗಲು ಸಾಧ್ಯವಿಲ್ಲ ಎಂದು ಕೆಲವರು. ಈ ಗದ್ದಲದ ನಡುವೆ ಮಿಚ್ಕೋವ್ ಎಂತಹ ಬದುಕು ನಡೆಸುತ್ತಿದ್ದರೆಂದು ಯೋಚಿಸಿದವರು ಕಡಿಮೆ. 2023ರ ವಸಂತದಲ್ಲಿ, ಡ್ರಾಫ್ಟ್‌ಗೆ ಕೆಲವೇ ವಾರಗಳಿದ್ದಾಗ, ತಂದೆಯನ್ನು ಕಳೆದುಕೊಂಡಿದ್ದ ಹುಡುಗ ಅವರು. ಭಾಷೆ ಬಾರದ ಊರಿಗೆ ಬಂದಾಗ ಅವರಿಗೆ ಆಸರೆಯಾಗಿ ತಂಡದಲ್ಲಿ ಮತ್ತೊಬ್ಬ ರಷ್ಯನ್, ಗೋಲಿ ಇವಾನ್ ಫೆಡೋಟೋವ್ ಇದ್ದರು. ಫೆಡೋಟೋವ್ ತಾವೂ 2022ರಲ್ಲಿ ಅಮೆರಿಕಕ್ಕೆ ಹೊರಡಬೇಕಾದ ಬೇಸಿಗೆಯಲ್ಲೇ ಬಂಧನಕ್ಕೊಳಗಾಗಿ ಸೇನಾ ಸೇವೆಗೆ ಕಳುಹಿಸಲ್ಪಟ್ಟವರು. 2024ರ ಮಾರ್ಚ್‌ನಲ್ಲಷ್ಟೇ ಫಿಲಡೆಲ್ಫಿಯಾ ತಲುಪಿದ್ದರು. ಅಂತಹ ಒಬ್ಬರು ಪಕ್ಕದಲ್ಲಿರುವುದು ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ, ಆದರೆ ಅದರ ಬೆಲೆ ದೊಡ್ಡದು.

ಮಾರ್ಚ್ 27ರಂದು ಟೋರ್ಟೊರೆಲ್ಲಾ ಅವರನ್ನು ತೆಗೆದುಹಾಕಲಾಯಿತು. ಋತು ಮುಗಿದಾಗ ಮಿಚ್ಕೋವ್ 26 ಗೋಲ್‌ಗಳೊಂದಿಗೆ ಹೊಸ ಆಟಗಾರರಲ್ಲಿ ಮೊದಲಿಗರಾಗಿದ್ದರು. ಹಾಗಿದ್ದೂ ಕಾಲ್ಡರ್‌ನ ಅಂತಿಮ ಮೂವರಲ್ಲಿ ಅವರ ಹೆಸರಿರಲಿಲ್ಲ. ಪ್ರಶಸ್ತಿ ನಿಮ್ಮ ಮಾಂಟ್ರಿಯಲ್‌ನ ಲೇನ್ ಹಟ್ಸನ್ ಪಾಲಾಯಿತು. ಅಷ್ಟು ಏರಿಳಿತ ಕಂಡ ವರ್ಷವನ್ನು ಹಿಂದಿರುಗಿ ನೋಡಿ 63 ಎಂಬ ಒಂದೇ ಸಂಖ್ಯೆ ಎತ್ತಿಕೊಳ್ಳುವುದು ಅವರಿಗೂ ಅನ್ಯಾಯ, ಅದರಿಂದ ಅಳೆಯಲ್ಪಡುವ ಡೆಮಿಡೋವ್‌ಗೂ ಅನ್ಯಾಯ.

ಬೆಂಗಳೂರಿನ ಹೊಸ ನೋಡುಗ

ಎರಡು ವರ್ಷದಿಂದಷ್ಟೇ ಈ ಆಟ ನೋಡುತ್ತಿದ್ದೇನೆ, ಆದ್ದರಿಂದ ಪ್ರಶ್ನೆ ಸರಳವಾಗಿದ್ದರೆ ಕ್ಷಮಿಸಿ. ಇಷ್ಟು ಪ್ರತಿಭೆಯಿದ್ದರೂ ಮಿಚ್ಕೋವ್ 7ನೆಯವರಾಗಿ, ಡೆಮಿಡೋವ್ 5ನೆಯವರಾಗಿ ಆಯ್ಕೆಯಾದದ್ದೇಕೆ? ಅವರಿಗಿಂತ ಮೊದಲು ಆರಿಸಿದ ತಂಡಗಳಿಗೆ ಇದು ತಿಳಿಯಲಿಲ್ಲವೇ?

ಹಳೆಯ ಪ್ರೇಕ್ಷಕ

ತಿಳಿಯದೆ ಅಲ್ಲ, ಭಯದಿಂದ. ರಷ್ಯಾದ ಲೀಗ್‌ಗೂ ಎನ್‌ಎಚ್‌ಎಲ್‌ಗೂ ನಡುವೆ ಆಟಗಾರರ ವರ್ಗಾವಣೆಯ ಒಪ್ಪಂದವಿಲ್ಲ. ಪರಸ್ಪರರ ಒಪ್ಪಂದಗಳನ್ನು ಗೌರವಿಸುವ ತಿಳಿವಳಿಕೆಯೊಂದಿತ್ತು. ಉಕ್ರೇನ್ ಯುದ್ಧ ಆರಂಭವಾದ ಮೇಲೆ 2022ರ ಮಾರ್ಚ್‌ನಲ್ಲಿ ಎನ್‌ಎಚ್‌ಎಲ್ ಅದನ್ನೂ ಅಮಾನತಿನಲ್ಲಿಟ್ಟಿತು. ಅದೇ ಹೊತ್ತಿಗೆ ಅಂತರರಾಷ್ಟ್ರೀಯ ಸಂಸ್ಥೆ ರಷ್ಯಾ ಮತ್ತು ಬೆಲಾರೂಸ್ ತಂಡಗಳನ್ನು ತನ್ನ ಎಲ್ಲ ಪಂದ್ಯಾವಳಿಗಳಿಂದ ಹೊರಗಿಟ್ಟಿತು. ಹೀಗಾಗಿ ಕಿರಿಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಈ ಹುಡುಗರನ್ನು ಕೆನಡಾ, ಸ್ವೀಡನ್‌ನ ಓರಗೆಯವರ ಎದುರು ನೋಡುವ ಅವಕಾಶವೇ ಯಾರಿಗೂ ಸಿಗಲಿಲ್ಲ. ವಿಡಿಯೊ ನೋಡಿ, ಅಂಕ ನೋಡಿ ತೀರ್ಮಾನಿಸಬೇಕು. ಆರಿಸಿದ ಮೇಲೂ ಹುಡುಗ ಯಾವಾಗ ಬರುತ್ತಾನೆಂಬ ಖಾತ್ರಿಯಿಲ್ಲ.

ಅಂಗಳದ ವಿಷಯವೂ ಇದೆ. ಅಂತರರಾಷ್ಟ್ರೀಯ ಅಳತೆಯ ಅಂಗಳ 60 ಮೀಟರ್ ಉದ್ದ, 30 ಮೀಟರ್ ಅಗಲ. ಎನ್‌ಎಚ್‌ಎಲ್ ಅಂಗಳದ ಅಗಲ ಸುಮಾರು 26 ಮೀಟರ್ ಮಾತ್ರ. ಕೆಎಚ್‌ಎಲ್‌ನಲ್ಲಿ ಅಗಲ ಊರಿಂದೂರಿಗೆ ಬೇರೆ. ಅಗಲವಾದ ಅಂಗಳದಲ್ಲಿ ಅಂಚಿಗೆ ಸರಿದು ಯೋಚಿಸಲು ಸಿಗುತ್ತಿದ್ದ ಅರೆಕ್ಷಣ ಇಲ್ಲಿ ಸಿಗುವುದಿಲ್ಲ. ಜೊತೆಗೆ 68 ಪಂದ್ಯಗಳ ಲೀಗ್‌ನಿಂದ 82 ಪಂದ್ಯಗಳ ಲೀಗ್‌ಗೆ ಬರಬೇಕು. ಜನವರಿ, ಫೆಬ್ರವರಿ ಹೊತ್ತಿಗೆ ಕಾಲು ಸೋಲುವುದು ಸಹಜ.

ಈಗ ಮೂಲ ವಿಷಯಕ್ಕೆ ಬರುತ್ತೇನೆ. ಗೆದ್ದವರ ಉದಾಹರಣೆಗಳನ್ನಷ್ಟೇ ಇಲ್ಲಿ ಕೊಡಲಾಗಿದೆ. ನಿಕಿಟಾ ಫಿಲಾಟೋವ್ ಯಾರಿಗಾದರೂ ನೆನಪಿದ್ದಾರೆಯೇ? ಕೊಲಂಬಸ್ ತಂಡ 2008ರಲ್ಲಿ 6ನೆಯವರಾಗಿ ಆರಿಸಿದ ಹುಡುಗ. 2009ರ ಜನವರಿಯಲ್ಲಿ ಹ್ಯಾಟ್ರಿಕ್ ಹೊಡೆದರು. ಆ ತಂಡದ ಹೊಸ ಆಟಗಾರನೊಬ್ಬ ಹ್ಯಾಟ್ರಿಕ್ ಹೊಡೆದದ್ದು ಅದೇ ಮೊದಲು. ಅದೇ ವರ್ಷದ ನವೆಂಬರ್‌ಗೆ ಕೋಚ್ ಜೊತೆ ಹೊಂದಿಕೆಯಾಗದೆ, ಆಟ ಸಿಗದೆ ಮಾಸ್ಕೋಗೆ ಮರಳಿದರು. ಎನ್‌ಎಚ್‌ಎಲ್‌ನಲ್ಲಿ ಅವರ ಒಟ್ಟು ಲೆಕ್ಕ 53 ಪಂದ್ಯ, 6 ಗೋಲ್. ಆ ಆರರಲ್ಲಿ ಮೂರು ಒಂದೇ ರಾತ್ರಿಯವು. ಮೊದಲ ರಾತ್ರಿಯ ಬೆಳಕಿನಲ್ಲಿ ಇಡೀ ಭವಿಷ್ಯ ಓದುವವರು ಈ ಹೆಸರನ್ನು ಮರೆಯಬಾರದು.

ಮತ್ತೊಂದು ಬಗೆಯ ಕಥೆ ವಲೇರಿ ನಿಚುಶ್ಕಿನ್ ಅವರದು. ಹದಿನೆಂಟಕ್ಕೇ ಡಲ್ಲಾಸ್‌ಗೆ ಬಂದು ಮೊದಲ ವರ್ಷ 34 ಅಂಕ ಗಳಿಸಿದರು. ನಂತರ ಸೊಂಟದ ಶಸ್ತ್ರಚಿಕಿತ್ಸೆ, ರಷ್ಯಾಕ್ಕೆ ವಾಪಸು, ಮತ್ತೆ ಡಲ್ಲಾಸ್. 2018-19ರಲ್ಲಿ 57 ಪಂದ್ಯ ಆಡಿಯೂ ಒಂದೇ ಒಂದು ಗೋಲ್ ಹೊಡೆಯಲಿಲ್ಲ. ತಂಡ ಹಣ ಕೊಟ್ಟು ಒಪ್ಪಂದ ಮುಗಿಸಿತು. ಅದೇ ಆಟಗಾರ 2022ರಲ್ಲಿ ಕೊಲೊರಾಡೊ ಸ್ಟಾನ್ಲಿ ಕಪ್ (ಎನ್‌ಎಚ್‌ಎಲ್ ಚಾಂಪಿಯನ್ನರ ಪ್ರಶಸ್ತಿ) ಗೆದ್ದಾಗ ಪ್ಲೇಆಫ್‌ನಲ್ಲಿ 9 ಗೋಲ್ ಹೊಡೆದಿದ್ದರು. ಡಲ್ಲಾಸ್ ಅಭಿಮಾನಿಗಳು ಕೈಬಿಟ್ಟ ವರ್ಷವೇ ಅವರ ಆಟದ ಅಳತೆಯಾಗಿದ್ದರೆ ಈ ಎರಡನೆಯ ಅಧ್ಯಾಯ ಇರುತ್ತಲೇ ಇರಲಿಲ್ಲ.

ಟೊರಾಂಟೊದಿಂದ ಒಬ್ಬರು

ಇಲ್ಲಿನ ಚರ್ಚೆ ಓದಿ ಸ್ವಲ್ಪ ಬೇಸರವಾಯಿತು. ಮಾಂಟ್ರಿಯಲ್ 24 ಸಲ ಸ್ಟಾನ್ಲಿ ಕಪ್ ಗೆದ್ದ ತಂಡ, ಕೊನೆಯದು 1993ರಲ್ಲಿ. ಮೂವತ್ತೆರಡು ವರ್ಷದಿಂದ ಕಾಯುತ್ತಿರುವ, ದುಬಾರಿ ಟಿಕೆಟ್ ಕೊಂಡು ಅಂಗಳಕ್ಕೆ ಬರುವ ಜನ ಆಸೆ ಇಟ್ಟುಕೊಳ್ಳಬಾರದೇ? ನಿರೀಕ್ಷೆಯ ಭಾರ ಹೊರಲಾರದವರು ಆ ಊರಿಗೆ ಬರಬಾರದು ಎನ್ನುವ ಮಾತಿನಲ್ಲೂ ಸತ್ಯವಿದೆ. ಡೆಮಿಡೋವ್ ಸ್ವತಃ ಆ ಒತ್ತಡವನ್ನು ಬಯಸಿ ಬಂದವರಂತೆ ಕಾಣುತ್ತಾರೆ. ನೀವೇಕೆ ಅವರ ಪರವಾಗಿ ಹೆದರುತ್ತಿದ್ದೀರಿ?

ಹಳೆಯ ಪ್ರೇಕ್ಷಕ

ಆಸೆಗೆ ನಾನು ವಿರೋಧಿಯಲ್ಲ. ಆಸೆ ಸಿಟ್ಟಾಗಿ ತಿರುಗುವ ವೇಗ ನನ್ನನ್ನು ಕಾಡುತ್ತದೆ. 2023ರ ಡ್ರಾಫ್ಟ್ ನೆನಪು ಮಾಡಿಕೊಳ್ಳಿ. ಮಿಚ್ಕೋವ್ ಇನ್ನೂ ಉಳಿದಿದ್ದಾಗ ಮಾಂಟ್ರಿಯಲ್ 5ನೆಯವರಾಗಿ ಆಸ್ಟ್ರಿಯಾದ ಡೇವಿಡ್ ರೈನ್‌ಬಾಕರ್ ಅವರನ್ನು ಆರಿಸಿತು. ತಾನು ಮಾಡದ ಆಯ್ಕೆಗಾಗಿ ಆ ಹದಿನೆಂಟರ ಹುಡುಗ ಸಾಮಾಜಿಕ ಜಾಲತಾಣಗಳಲ್ಲಿ ಬೈಗುಳ ತಿನ್ನಬೇಕಾಯಿತು. ಹಿಂದಿನ ವರ್ಷ ಮೊದಲಿಗರಾಗಿ ಆಯ್ಕೆಯಾದ ಯುರಾಯ್ ಸ್ಲಾಫ್ಕೋವ್‌ಸ್ಕಿ ಮೊದಲ ಋತುವಿನಲ್ಲಿ ಗಾಯಗೊಳ್ಳುವ ಮುನ್ನ 39 ಪಂದ್ಯಗಳಲ್ಲಿ 10 ಅಂಕ ಗಳಿಸಿದಾಗ, ಆಯ್ಕೆಯೇ ತಪ್ಪೆಂದು ತೀರ್ಪು ಕೊಟ್ಟವರೆಷ್ಟು ಮಂದಿ! ಮರುವರ್ಷ ಅವರು 50 ಅಂಕ ಗಳಿಸಿದರು.

ಇದು ಇಂದಿನ ಕಾಯಿಲೆಯೂ ಅಲ್ಲ. 1971ರಲ್ಲಿ ಮೊದಲಿಗರಾಗಿ ಬಂದ ಗೀ ಲಾಫ್ಲೂರ್ ಮೊದಲ ಮೂರು ಋತುಗಳಲ್ಲಿ 29, 28, 21 ಗೋಲ್ ಹೊಡೆದರು. ಸಂಖ್ಯೆ ಇಳಿಯುತ್ತಲೇ ಹೋದಾಗ ಇಡೀ ಊರು ಅಸಮಾಧಾನಗೊಂಡಿತ್ತು. ನಾಲ್ಕನೆಯ ಋತುವಿನಲ್ಲಿ 53 ಗೋಲ್. ಅಲ್ಲಿಂದ ಸತತ ಆರು ವರ್ಷ ಐವತ್ತಕ್ಕೆ ಕಡಿಮೆಯಿಲ್ಲ. ಕ್ವಿಬೆಕ್‌ನ ಮಣ್ಣಿನಲ್ಲೇ ಹುಟ್ಟಿ, ಆ ಜನರ ಭಾಷೆಯನ್ನೇ ಆಡುತ್ತ ಬೆಳೆದವರಿಗೇ ಮೂರು ವರ್ಷ ಬೇಕಾಯಿತು. ಮಾಸ್ಕೋ ಬಳಿಯ ಸೆರ್ಗಿಯೆವ್ ಪೊಸಾಡ್‌ನಲ್ಲಿ ಹುಟ್ಟಿದ ಹುಡುಗನಿಗೆ ಮೂರು ತಿಂಗಳಲ್ಲಿ ಎಲ್ಲವೂ ಒದಗಬೇಕೆನ್ನುವುದು ಯಾವ ನ್ಯಾಯ?

ಅಂಕಿಸಂಖ್ಯೆ ಆಸಕ್ತ

ಲಾಫ್ಲೂರ್ ಉದಾಹರಣೆ ಬಲವಾದದ್ದು, ಒಪ್ಪುತ್ತೇನೆ. ಆದರೂ ಹಟ್ಸನ್ ಅವರನ್ನು ಮರೆಯಬಾರದು. 62ನೆಯವರಾಗಿ ಆಯ್ಕೆಯಾದವರು, ಗಾತ್ರದಲ್ಲಿ ಚಿಕ್ಕವರು. ಮೊದಲ ಪೂರ್ಣ ವರ್ಷದಲ್ಲೇ ಇದೇ ಊರಿನ ಒತ್ತಡದಲ್ಲಿ 66 ಅಂಕ ಗಳಿಸಿದರು. ನಿಮ್ಮ ವಾದದ ಪ್ರಕಾರವೇ ನೋಡಿದರೂ, ಅದು ಸಾಧ್ಯವಾದದ್ದು ಕೋಚ್ ಮಾರ್ಟಿನ್ ಸೇಂಟ್ ಲೂಯಿ ಅವರಿಗೆ ಧಾರಾಳವಾಗಿ ನಿಮಿಷಗಳನ್ನು ಕೊಟ್ಟದ್ದರಿಂದ, ತಪ್ಪು ಮಾಡಿದಾಗಲೂ ಮತ್ತೆ ಅಂಗಳಕ್ಕೆ ಇಳಿಸಿದ್ದರಿಂದ. ಡೆಮಿಡೋವ್‌ಗೂ ಅದೇ ಕೋಚ್ ಸಿಗುತ್ತಿದ್ದಾರೆ. ಆದ್ದರಿಂದ ನನ್ನ ಅರವತ್ತನ್ನು ನಾನು ಬಿಡುವುದಿಲ್ಲ. ಪಂದ್ಯಕ್ಕೆ ಹದಿನಾರು ನಿಮಿಷ ಮತ್ತು ಪವರ್ ಪ್ಲೇ ಸಿಕ್ಕರೆ ಮಾತ್ರ ಎಂಬ ಷರತ್ತು ಸೇರಿಸುತ್ತೇನೆ.

ಮಾಂಟ್ರಿಯಲ್ ನಿವಾಸಿ

ಆ ಷರತ್ತಿನೊಂದಿಗೆ ನಿಮ್ಮ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಸಮಸ್ಯೆ ಇರುವುದೇ ಆ ಷರತ್ತು ಈಡೇರುವುದರಲ್ಲಿ. ನಾಯಕ ನಿಕ್ ಸುಜುಕಿ, ಕೋಲ್ ಕಾಫೀಲ್ಡ್, ಸ್ಲಾಫ್ಕೋವ್‌ಸ್ಕಿ ಇರುವ ಮೊದಲ ಲೈನ್ ಕಳೆದ ವರ್ಷ ತಂಡವನ್ನು ಪ್ಲೇಆಫ್‌ಗೆ ಒಯ್ದಿದೆ. ಸುಜುಕಿ 89 ಅಂಕ, ಕಾಫೀಲ್ಡ್ 37 ಗೋಲ್. ಅದನ್ನು ಕೋಚ್ ಸುಮ್ಮನೆ ಒಡೆಯುವುದಿಲ್ಲ. ಹಾಗಾಗಿ ಡೆಮಿಡೋವ್ ಎರಡನೆಯ ಲೈನ್‌ನ ವಿಂಗರ್ (ಬದಿಯ ಆಟಗಾರ). ಅವರ ಸೆಂಟರ್ (ಲೈನ್‌ನ ನಡುವಿನ ಆಟಗಾರ) ಯಾರು? ಕ್ರಿಶ್ಚಿಯನ್ ಡ್ವೊರಾಕ್ ಜುಲೈನಲ್ಲಿ ಫಿಲಡೆಲ್ಫಿಯಾಗೆ ಹೋದರು. ಕರ್ಬಿ ಡಾಕ್ ಎರಡು ಸಲ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಒಳಗಾದವರು. ಸೆಪ್ಟೆಂಬರ್ ಶಿಬಿರದಲ್ಲಿ ಆ ಕಾಲು ಎಷ್ಟರ ಮಟ್ಟಿಗೆ ಸ್ಪಂದಿಸುತ್ತದೆಯೋ ನೋಡಬೇಕು. ಫಿನ್ಲೆಂಡ್‌ನ ಒಲಿವರ್ ಕಪಾನೆನ್ ಕಳೆದ ಋತುವಿನ ಹೆಚ್ಚು ಭಾಗವನ್ನು ಸ್ವೀಡನ್‌ನಲ್ಲಿ ಕಳೆದವರು, ಹೊಸಬರೇ. ಪಾಸ್ ಕೊಡುವುದೇ ತನ್ನ ಶಕ್ತಿಯಾಗಿರುವ ವಿಂಗರ್‌ಗೆ ಆ ಪಾಸನ್ನು ಗೋಲ್ ಆಗಿಸುವ ಜೊತೆಗಾರ ಬೇಕು. ಅದು ಸಿಗದೆ 45 ಅಂಕಕ್ಕೆ ಋತು ಮುಗಿದರೆ, ಆ ಕೊರತೆ ಹುಡುಗನದಲ್ಲ, ತಂಡ ಕಟ್ಟಿದವರದು.

ಟೊರಾಂಟೊದ ಸ್ನೇಹಿತರಿಗೆ ಒಂದು ಮಾತು. ಡೆಮಿಡೋವ್ ಈ ಒತ್ತಡ ತಾಳುತ್ತಾರೆ ಎಂದು ನನಗೂ ನಂಬಿಕೆಯಿದೆ. ಗೋಲ್ ಇಲ್ಲದೆ ಹತ್ತು ಪಂದ್ಯ ಕಳೆದಾಗ ಬೆಲ್ ಸೆಂಟರ್‌ನ ಮೇಲಿನ ಸಾಲುಗಳಿಂದ ಗೊಣಗಾಟ ಕೇಳಿಬರುತ್ತದಲ್ಲ, ಆಗ ನಮ್ಮಂಥವರ ದನಿ ಯಾವ ಕಡೆ ಇರಬೇಕೆಂಬುದಷ್ಟೇ ನನ್ನ ಪ್ರಶ್ನೆ.

ಅಕ್ಟೋಬರ್ 8ರಂದು ನಾನು ಸ್ಕೋರ್‌ಬೋರ್ಡ್‌ಗಿಂತ ಮೊದಲು ನೋಡುವುದು ಇವನ್ನು: ಪವರ್ ಪ್ಲೇಯಲ್ಲಿ ಹಟ್ಸನ್ ಇರುವ ಗುಂಪಿನಲ್ಲಿ ಅವರಿಗೆ ಜಾಗ ಸಿಕ್ಕಿದೆಯೇ, ಅಂಚಿನ ಹಲಗೆಯ ಬಳಿ ಪಕ್ ಕಳೆದುಕೊಂಡ ಮರುಗಳಿಗೆ ತಮ್ಮ ಗೋಲ್ ಕಡೆಗೆ ಅವರು ಎಷ್ಟು ಬೇಗ ತಿರುಗುತ್ತಾರೆ, ಹಾಗೆ ಕಳೆದುಕೊಂಡ ಮೇಲೆ ಸೇಂಟ್ ಲೂಯಿ ಅವರನ್ನು ಮುಂದಿನ ಸರದಿಗೆ ಮತ್ತೆ ಕಳುಹಿಸುತ್ತಾರೆಯೇ. ಪಂದ್ಯ ಮುಗಿದ ಮೇಲೆ ಅವರು ಆಡಿದ ನಿಮಿಷಗಳನ್ನು ಇಲ್ಲಿ ಬರೆಯುತ್ತೇನೆ. ಫಿಲಡೆಲ್ಫಿಯಾದ ಮೇಡಂ ಅವರೂ ಮಿಚ್ಕೋವ್ ಅವರ ನಿಮಿಷಗಳನ್ನು ಸೇರಿಸಿದರೆ, ಡಿಸೆಂಬರ್ ಹೊತ್ತಿಗೆ ಇಬ್ಬರನ್ನೂ ಒಂದೇ ನೆಲೆಯಲ್ಲಿಟ್ಟು ಮಾತನಾಡಬಹುದು.